ತಾನಾಗಿ ಓಡುವ ಬಾಣ

ಹೆಂಡತಿ ತೀರಿಕೊಂಡ ಮೇಲೆ ಅವಳ ಕಂಪ್ಯೂಟರಿನಲ್ಲಿ ಮೌಸಿನ ಬಾಣ ತಾನಾಗಿ ಓಡಾಡತೊಡಗಿತು. ನಾನು ಹೆದರಲಿಲ್ಲ, ಪಕ್ಕಕ್ಕೊಂದು ಕುರ್ಚಿ ಎಳೆದುಕೊಂಡು ಕೂತೆ. ನಗುವವರು ನಗಲಿ. ಮಾತಾಡುವವರಿಲ್ಲದ ಮನೆಯಲ್ಲಿ ಏನಾದರೊಂದು ಅಲುಗಾಡಿದರೂ ಸಾಕೆನಿಸುತ್ತದೆ.

ನಮ್ಮದು ಕಸೂತಿ ಮಷಿನಿನ ಕೆಲಸ. ಹೋಟೆಲಿನ ಟವೆಲ್, ಶಾಲೆಯ ಕೋಟು, ಆಸ್ಪತ್ರೆಯ ಮೇಲಂಗಿ, ಯಾವುದಕ್ಕೆ ಬೇಕೋ ಅದಕ್ಕೆ ಲಾಂಛನ ಹೊಲಿದು ಕೊಡುತ್ತೇವೆ. ಕೊಡುತ್ತಿದ್ದೆವು. ಅವಳು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವವಳು, ನಾನು ಮಷಿನು ಓಡಿಸುವವನು. ಅವಳ ಮೇಜಿಗೆ ನಾನು ಕೈ ಹಾಕಿದವನಲ್ಲ. ಹಾಕಿದ್ದರೆ ಕೈ ಉಳಿಯುತ್ತಿರಲಿಲ್ಲ.

ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಅವಳು ಒಂದು ಚಿತ್ರ ಮುಗಿಸಿಟ್ಟಿದ್ದಳು. ಏನೆಂದು ಹೇಳಲಿಲ್ಲ, ವಾಪಸ್ ಬರುತ್ತಾಳಲ್ಲ ಎಂದು ನಾನೂ ಕೇಳಲಿಲ್ಲ. ಅವಳ ಪ್ರೋಗ್ರಾಂ ತೆರೆಯಲು ಪಾಸ್‌ವರ್ಡ್ ಬೇಕು. ಅದು ಅವಳ ತಲೆಯಲ್ಲಿತ್ತು, ಅವಳ ಜೊತೆಗೇ ಹೋಯಿತು. ನನಗೋ ಆ ಕೊನೆಯ ಚಿತ್ರ ಬೇಕೇ ಬೇಕಿತ್ತು. ಅಂಥ ಫೈಲನ್ನು ಮಷಿನು ಓದುವಂತೆ ಬದಲಾಯಿಸುವ ಪ್ರೋಗ್ರಾಂ ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಕ್ಕಿತು. ಇಳಿಸಿಕೊಳ್ಳುವಾಗ ಆಂಟಿವೈರಸ್ ಬಾಯಿ ಬಡಿದುಕೊಂಡಿತು. ಮೊದಲು ಆಂಟಿವೈರಸ್ ಆಫ್ ಮಾಡಿ ಎಂದು ಅದೇ ಪುಟದಲ್ಲಿ ಬರೆದಿತ್ತು. ಆಫ್ ಮಾಡಿದೆ. ಬಾಗಿಲಲ್ಲಿ ಬೊಗಳುವ ನಾಯಿಯನ್ನು ಕಟ್ಟಿಹಾಕಿ ಕಳ್ಳನಿಗೆ ಬನ್ನಿ ಎಂದ ಹಾಗಾಯಿತು.

ಪ್ರೋಗ್ರಾಂ ತನ್ನ ಕೆಲಸ ಮಾಡಿತು, ಸುಳ್ಳು ಹೇಳಬಾರದು. ಚಿತ್ರವನ್ನು ಬದಲಾಯಿಸಿ ಕೊಟ್ಟಿತು. ಆದರೆ ಪರದೆಯ ಮೇಲೆ ಫೈಲಿನ ಹೆಸರಷ್ಟೇ ಕಾಣುತ್ತಿತ್ತು. ಏನೆಂದು ನೋಡಬೇಕಾದರೆ ಹೊಲಿಯಬೇಕು. ನಾನು ಹೊಲಿಯಲಿಲ್ಲ. ಹೊಲಿದುಬಿಟ್ಟರೆ ಅವಳಿಂದ ಬರುವುದು ಇನ್ನೇನೂ ಉಳಿಯುವುದಿಲ್ಲವಲ್ಲ. ನಾಳೆ, ನಾಳೆ ಎನ್ನುತ್ತಿದ್ದಾಗಲೇ ಬಾಣ ಓಡಾಡತೊಡಗಿದ್ದು. ಒಂದು ಫೋಲ್ಡರ್ ತೆರೆಯುವುದು, ಮುಚ್ಚುವುದು, ಇನ್ನೊಂದಕ್ಕೆ ಹೋಗುವುದು. ಅವಳು ಹುಡುಕುತ್ತಿದ್ದುದೂ ಹೀಗೆಯೇ. ಇದು ಅವಳಲ್ಲವೆಂದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಸಂಜೆ ಕಾಫಿ ಹಿಡಿದು ಅಲ್ಲೇ ಕೂರುತ್ತಿದ್ದೆ. "ಅದು ಮೇಲಿನದ್ರಲ್ಲಿದೆ ನೋಡೇ" ಎಂದು ಒಮ್ಮೆ ಬಾಯಿ ಬಿಟ್ಟು ಹೇಳಿಯೂಬಿಟ್ಟೆ.

ಆಮೇಲೆ ನಮ್ಮ ಹಳೆಯ ಗಿರಾಕಿ, ಹೋಟೆಲಿನ ಮ್ಯಾನೇಜರ್ ಫೋನ್ ಮಾಡಿದ. "ಸಾರ್, ಮೇಡಂ ಹೆಸರಲ್ಲಿ ಮೇಲ್ ಬಂದಿದೆ. ಹೊಸ ಚಿತ್ರ ಕಳಿಸಿದ್ದೀನಿ, ತೆಗೆದು ನೋಡಿ ಅಂತ. ಅವರು ಹೋಗ್ಬಿಟ್ರಲ್ವಾ?"

ಮೈ ಉರಿದುಹೋಯಿತು. ನನ್ನ ಮನೆಗೆ ನುಗ್ಗಿದ್ದು ಹಾಳಾಗಲಿ, ಅವಳ ಹೆಸರು ಹಿಡಿದು ಊರವರ ಬಾಗಿಲು ತಟ್ಟುತ್ತಿದ್ದಾನೆ!

ಕಂಪ್ಯೂಟರ್ ರಿಪೇರಿಯವಳನ್ನು ಕರೆಸಿದೆ. ನನ್ನ ಕಿರಿಯ ತಂಗಿಯ ವಯಸ್ಸು, ಖಂಡತುಂಡ ಮಾತು. ಬ್ಯಾಗು ಇಳಿಸುವ ಮೊದಲೇ ಇಂಟರ್ನೆಟ್ಟಿನ ತಂತಿ ಕಿತ್ತಳು. ಓಡುತ್ತಿದ್ದ ಬಾಣ ಪರದೆಯ ನಡುವೆ ಗಕ್ಕನೆ ನಿಂತಿತು. ಮನೆ ಎರಡನೆಯ ಸಲ ಖಾಲಿಯಾಯಿತು.

"ಹಿತ್ತಲ ಬಾಗಿಲು ತೆರೆದಿಟ್ಟಿದ್ದೀರಲ್ಲ ಅಣ್ಣಾ," ಎಂದಳು. "ಆ ಬಿಟ್ಟಿ ಪ್ರೋಗ್ರಾಂ ಜೊತೆಗೇ ಬಂದಿದೆ. ನೀವು ಕಂಪ್ಯೂಟರ್ ಆನ್ ಮಾಡಿದಾಗೆಲ್ಲ ಅದೂ ಎದ್ದು, ಹೊರಗಿರೋನನ್ನ ಬಾ ಅಂತ ಕರೆಯುತ್ತೆ. ಅವನು ನಿಮ್ಮ ಮೇಜಲ್ಲೇ ಕೂತ ಹಾಗೆ ಎಲ್ಲಾ ಮಾಡ್ತಾನೆ. ನೀವು ಒತ್ತೋ ಪಾಸ್‌ವರ್ಡೂ ಅವನಿಗೆ ಸಿಗುತ್ತೆ."

"ಅದೊಂದನ್ನ ತೆಗೆದು ಬಿಸಾಕಿದ್ರೆ ಆಗಲ್ವಾ ತಂಗೀ?"

"ಇಷ್ಟು ದಿನ ಒಳಗಿದ್ದೋನು ಇನ್ನೆಲ್ಲೆಲ್ಲಿ ಕಿಂಡಿ ಕೊರೆದಿದ್ದಾನೋ. ಬರೀ ಸ್ಕ್ಯಾನ್ ಮಾಡಿದ್ರೆ ನಂಗೆ ಧೈರ್ಯ ಬರಲ್ಲ. ಡಿಸ್ಕ್ ಪೂರ್ತಿ ಒರೆಸಿ ಎಲ್ಲಾ ಹೊಸದಾಗಿ ಹಾಕ್ತೀನಿ. ಪಾಸ್‌ವರ್ಡ್‌ಗಳನ್ನ ಫೋನಿಂದ ಬದಲಾಯಿಸಿ, ಇದ್ರಿಂದ ಬೇಡ. ಮೇಲ್ ಬಂದೋರಿಗೆಲ್ಲ ತೆಗೀಬೇಡಿ ಅಂತ ಹೇಳಿ."

"ಅವಳ ಕೊನೇ ಚಿತ್ರ?"

"ಆ ಪ್ರೋಗ್ರಾಂ ಮಾಡಿಕೊಟ್ಟಿದ್ದು ಯಾವುದನ್ನೂ ಉಳಿಸಲ್ಲ. ಬೇಕಿದ್ರೆ ಈಗಲೇ ಬಟ್ಟೆ ಮೇಲೆ ಇಳಿಸ್ಕೊಳ್ಳಿ."

ನಾಳೆ ಎನ್ನಲು ದಾರಿಯಿರಲಿಲ್ಲ. ಬಿಳಿ ಬಟ್ಟೆ ಬಿಗಿದೆ, ಕಪ್ಪು ದಾರ ಪೋಣಿಸಿದೆ. ಆಮೇಲೆ ನಾಚಿಕೆ ಬಿಟ್ಟು ಕೇಳಿದೆ.

"ಸ್ವಲ್ಪ ಇಲ್ಲೇ ಇರು ತಂಗಿ. ನಂಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣುತ್ತೆ. ಬಣ್ಣ ಬದಲಾಗೋ ಕಡೆ ಮಷಿನ್ ನಿಲ್ಲುತ್ತೆ. ಆಗ ಯಾವ ರೀಲೇ ಅಂತ ನಾನು ಕೂಗ್ತಿದ್ದೆ, ಇವಳು ಬೈದು ಹೇಳ್ತಿದ್ಲು. ದಿನಾ ನಮ್ಮ ಮಾತುಕತೆ ಅಂದ್ರೆ ಅದೇ."

ಮಷಿನು ಹೊರಟಿತು. ಒಂದು ದೋಣಿ, ಸುತ್ತ ಎಲೆ. ವರ್ಷಗಟ್ಟಲೆ ನಾಲ್ಕು ಬಣ್ಣದಲ್ಲಿ ಹೊಲಿದ, ಅದೇ ಹೋಟೆಲಿನ ಟವೆಲಿನ ಲಾಂಛನ. ಇಷ್ಟಕ್ಕಾಗಿ ಕಳ್ಳನಿಗೆ ಮನೆ ಬಿಟ್ಟುಕೊಟ್ಟೆನೇ ಎನಿಸಿತು. ದೋಣಿ ಮುಗಿದಲ್ಲಿ ಮಷಿನು ನಿಲ್ಲಬೇಕಿತ್ತು. ನನ್ನ ಕೈ ಆಗಲೇ ರೀಲುಗಳ ಕಡೆ ಹೋಗಿತ್ತು. ನಿಲ್ಲಲಿಲ್ಲ. ಎಲೆಗಳ ಬಳಿಯೂ ನಿಲ್ಲಲಿಲ್ಲ. ಕೊನೆಯ ಹೊಲಿಗೆ ಹಾಕಿ, ದಾರ ಕತ್ತರಿಸಿ, ಸೂಜಿ ಮೇಲೆತ್ತಿಕೊಂಡಿತು.

"ಪೂರ್ತಿ ಒಂದೇ ಬಣ್ಣದಲ್ಲಿ ಮುಗಿಸಿದ್ದಾರಲ್ಲ," ಎಂದಳು ರಿಪೇರಿಯವಳು. "ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ ಅಣ್ಣಾ."

ತಾನು ವಾಪಸ್ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾನೊಬ್ಬನೇ ಹೊಲಿದುಕೊಳ್ಳಲಿ ಎಂದು ಹಳೆಯ ಚಿತ್ರವನ್ನೇ ಬರೀ ಗೆರೆಗಳಲ್ಲಿ ಹೊಸದಾಗಿ ಬಿಡಿಸಿಟ್ಟು ಹೋಗಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು.

"ನಂಗೆ ಕೇಳೋದೇ ಬೇಕಾಗಿತ್ತು ಕಣೇ," ಎಂದೆ.

ರಿಪೇರಿಯವಳು ಕಂಪ್ಯೂಟರಿನ ಮುಂದೆ ಹೋಗಿ ಕೂತಳು. "ಒರೆಸ್ಲಾ ಅಣ್ಣಾ?" ಎಂದಳು.

ಹೂಂ ಎಂದೆ.