ಮುಚ್ಚಿಡಬೇಕೆಂದಿದ್ದ ಪೆಟ್ಟಿಗೆ

ಅಂದು ಬೆಳಿಗ್ಗೆ ಮಳೆ ಜೋರಾಗೇನೂ ಇರಲಿಲ್ಲ. ಎದ್ದು ಹೋಗುವ ಮನಸ್ಸಿಲ್ಲದ ನೆಂಟರ ಹಾಗೆ ಸಣ್ಣಗೆ ಕೂತುಬಿಟ್ಟಿತ್ತು. ಶಾಸನಸಭೆಯ ಗೇಟಿನಲ್ಲಿ ನೆನೆಯುತ್ತ ನಿಂತಿದ್ದ ದಾದಿಯಮ್ಮನಿಗೆ ಅವಳ ಅಕ್ಕನ ಗಂಡ ತನ್ನ ಕೊಡೆ ಕೊಟ್ಟು, ತಾನು ಕಾರಿನಲ್ಲೇ ಒಳಗೆ ಹೋದ. ಸಭಾಧ್ಯಕ್ಷರ ಕುರ್ಚಿಗೆ ಆ ದಿನ ಎದುರುಬದುರು ನಿಂತವರು ಇವರಿಬ್ಬರೇ, ಪಕ್ಷವೂ ಒಂದೇ. ಶಾಸಕಿಯಾಗುವ ಮೊದಲು ಹೆರಿಗೆ ವಾರ್ಡಿನಲ್ಲಿ ತಲೆ ನರೆಸಿಕೊಂಡವಳಾದ್ದರಿಂದ ಎಲ್ಲರ ಬಾಯಲ್ಲೂ ಅವಳು ದಾದಿಯಮ್ಮನೇ.

ಮತ ಹಾಕಿ ಮುಗಿಯಿತು. ಎಣಿಸುವ ಮೊದಲು ಪಕ್ಷದ ಹಿರಿಯ ಅವಳನ್ನು ಪಕ್ಕದ ಕೋಣೆಗೆ ಕರೆಸಿದ. ಭಾವನೂ ಅಲ್ಲೇ ಕೂತಿದ್ದ.

"ಪೆಟ್ಟಿಗೆ ತೆರೆಯೋದೇ ಬೇಡಮ್ಮ. ಹಿಂದೆ ಸರಿದೆ ಅಂತ ಒಂದು ಮಾತು ಹೇಳು, ಅವಿರೋಧ ಆಯ್ಕೆ ಅಂತ ಸಾರಿಬಿಡೋಣ. ಉಪಾಧ್ಯಕ್ಷರ ಕುರ್ಚಿ ನಿನಗೇ. ಮಾನ ಉಳಿಯುತ್ತೆ."

"ಎಣಿಸಿದ್ರೆ ಯಾರ ಮಾನ ಹೋಗುತ್ತೆ ಯಜಮಾನರೇ?"

ಭಾವ ನಕ್ಕ. "ನಿಂದೇ. ನಿನ್ನ ಓಟು ಬಿಟ್ಟು ಇನ್ನೊಂದು ಬಿದ್ದಿದ್ರೆ ಕೇಳು. ನಿನಗೆ ಹಟ ಜಾಸ್ತಿ ಅಂತ ನಿಮ್ಮಕ್ಕನೇ ಹೇಳ್ತಾಳೆ."

"ಸರಿಯಾಗೇ ಹೇಳಿದ್ದಾಳೆ ಭಾವ. ಹೆರಿಗೆ ಆದ್ಮೇಲೆ ಕೂಸಿನ ಮುಖ ನೋಡ್ಬೇಡ, ಬಟ್ಟೆ ಮುಚ್ಚಿಬಿಡು ಅಂದ್ರೆ ನಾನು ಯಾವತ್ತಾದ್ರೂ ಕೇಳಿದ್ದುಂಟಾ?"

"ಸೋಲ್ತೀಯ," ಎಂದ ಹಿರಿಯ.

"ಸೋಲೋಕಾದ್ರೂ ಬಿಡಿ ಮತ್ತೆ. ನನ್ನ ನಂಬಿ ಚೀಟಿ ಹಾಕಿದೋರು ಒಬ್ಬರೇ ಇರಲಿ, ಅವರು ಹುಟ್ಟಲೇ ಇಲ್ಲ ಅನ್ನೋಕೆ ನಾನ್ಯಾರು?"

ಅವಳು ಸಭೆಗೆ ಮರಳಿ, ಹೆರಿಗೆ ಕೋಣೆಯ ಬಾಗಿಲಲ್ಲಿ ಮಾಡುತ್ತಿದ್ದಂತೆ ಒಂದು ಗಳಿಗೆ ಕಣ್ಣುಮುಚ್ಚಿ ದೇವರನ್ನು ನೆನೆದಳು. ಪೆಟ್ಟಿಗೆ ತೆರೆಯಿತು. ಕಾರ್ಯದರ್ಶಿ ಒಂದೊಂದೇ ಚೀಟಿ ಓದಿ ಎರಡು ಗುಡ್ಡೆ ಮಾಡತೊಡಗಿದ. ಮೊದಮೊದಲು ಭಾವನ ಗುಡ್ಡೆ ಬೆಳೆಯಿತು. ಅವನು ಕಾಲು ಚಾಚಿ ಕೂತ. ಆಮೇಲೆ ಅವಳದು ಬೆಳೆಯಿತು. ಅವನು ಕಾಲು ಎಳೆದುಕೊಂಡ. ಕೊನೆಯ ಚೀಟಿಗಳವರೆಗೂ ಎರಡೂ ಗುಡ್ಡೆ ಸರಿಸಮವಾಗೇ ಏರಿದವು.

ಎರಡೇ ಮತಗಳಿಂದ ಅವಳು ಸೋತಳು. ಅವಳಿಗೆ ಚೀಟಿ ಹಾಕಿದ ಇಷ್ಟು ಜನರನ್ನು ಇಲ್ಲವೆನಿಸಲು ಹೊರಟಿದ್ದ ಹಿರಿಯ ತಲೆ ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮೇಜು ಕುಟ್ಟಿದರು, ಸೋತವಳಿಗಾಗಿ. ಸದ್ದು ಸಾಲಿನಿಂದ ಸಾಲಿಗೆ ದಾಟಿತು. ವಾಡಿಕೆಯಂತೆ ಅವಳೇ ಭಾವನ ಕೈಹಿಡಿದು ಕುರ್ಚಿಯವರೆಗೆ ಕರೆದೊಯ್ದಳು.

ಸಭೆ ಮುಗಿದಾಗಲೂ ಮಳೆ ಹಾಗೇ ಇತ್ತು. ಮೆಟ್ಟಿಲ ಬಳಿ ಭಾವ ದನಿ ತಗ್ಗಿಸಿದ. "ಉಪಾಧ್ಯಕ್ಷರ ಕುರ್ಚಿ ಇನ್ನೂ ಖಾಲಿನೇ ಇದೆ. ಕೊಡೆನೂ ಇಟ್ಕೋ, ನೆನೀತೀಯ."

ಅವಳು ಕೊಡೆ ಒದರಿ, ಮಡಚಿ, ಪಟ್ಟಿ ಸುತ್ತಿ, ಅವನ ತೋಳಿಗೆ ಮೆಲ್ಲಗೆ ತೂಗುಹಾಕಿ, ಸೆರಗು ತಲೆಗೆ ಹೊದ್ದು ಮೆಟ್ಟಿಲಿಳಿದಳು.