ಎರಡನೇ ಲಿವರ್

ಮೆತ್ತೆ ಹಾಕಿದ ಕುರ್ಚಿ ಭಾವನಿಗೆ, ಅವಳಿಗೆ ಸ್ಟೂಲು, ಅದೂ ಒಂದು ಕಾಲು ಗಿಡ್ಡ, ಕೂತರೆ ಟಕ್ ಎಂದು ಎಡಕ್ಕೆ, ಅಲುಗಾಡಿದರೆ ಟಕ್ ಎಂದು ಬಲಕ್ಕೆ — ಸೌದೆ ಡಿಪೋ ನಡೆಸುವವಳಿಗೆ ಇಷ್ಟು ಸಾಕು ಅಂದುಕೊಂಡಿರಬೇಕು ಈ ಮೆಷಿನ್ ಅಂಗಡಿಯವನು, ಇಲ್ಲ, ಅಷ್ಟು ಅಂದುಕೊಂಡಿದ್ದರೂ ಅವಳು ಅವನ ಕಣ್ಣಿಗೆ ಬಿದ್ದಿದ್ದಾಳೆ ಎಂದಾದರೂ ಆಗುತ್ತಿತ್ತು. ಡೀಸೆಲ್ ಎಷ್ಟು ಕುಡಿಯುತ್ತೆ ಇದು, ಅಂತ ಕೇಳಿದವಳು ಅವಳು, ಗಂಟೆಗೆ ಒಂದೂವರೆ ಲೀಟರ್ ಸರ್, ಅಂತ ಉತ್ತರ ಹೋದದ್ದು ಭಾವನಿಗೆ. ಭಾವ, ಅಂದರೆ ಗಂಡನ ಅಣ್ಣ, ಜೀವಮಾನವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿದವರು, ಹಸಿ ಸೌದೆಗೂ ಒಣ ಸೌದೆಗೂ ವ್ಯತ್ಯಾಸ ತಿಳಿಯದವರು, ವ್ಯಾನು ಇದೆ ಅಂತ ಕರೆದುಕೊಂಡು ಬಂದದ್ದು ಅಷ್ಟೆ, ಆದರೆ ಹೂಂ ಹೂಂ ಎಂದು ತಲೆಯಾಡಿಸುವ ಗತ್ತು ನೋಡಬೇಕು. ಹದಿನಾರು ವರ್ಷದಿಂದ ಲಾರಿ ಇಳಿಸಿಕೊಂಡಿದ್ದು ಅವಳು, ಕೊರಡಿನ ತುದಿ ಮೂಸಿ ಇದಿನ್ನೂ ಒಂದು ತಿಂಗಳು ಒಣಗಬೇಕು ಅಂತ ಹೇಳುವುದು ಅವಳು, ತೂಕದಲ್ಲಿ ಕೈಚಳಕ ತೋರಿಸಿದ ಡ್ರೈವರುಗಳ ಬೆವರಿಳಿಸಿದ್ದು ಅವಳು, ಇಲ್ಲಿಗೆ ಬಂದ ಕೂಡಲೇ ಅವಳು ಬರೀ ಭಾವನ ಜೊತೆಗೆ ಬಂದ ಕೈಚೀಲ. ಮೈಯೆಲ್ಲ ಉರಿಯುತ್ತಿದೆ, ಉರಿಯಲಿ, ಇವತ್ತು ಜಗಳ ಆಡಿ ಎದ್ದುಹೋಗುವ ಹಾಗಿಲ್ಲ.

ಎದ್ದುಹೋದರೆ ಗಂಡನ ಸೊಂಟ ಏನಾಗಬೇಕು. ಕೊಡಲಿ ಎತ್ತಿ ಎತ್ತಿ ಅವನ ಬೆನ್ನು ಈಗ ಅವನ ಮಾತು ಕೇಳುವುದಿಲ್ಲ, ಇನ್ನೊಂದು ಸಲ ಕೊಡಲಿ ಹಿಡಿದರೆ ನನ್ನ ಹತ್ತಿರ ಬರಬೇಡಿ ಅಂತ ಡಾಕ್ಟರು ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ದಾರೆ, ಇತ್ತ ಬೇಕರಿಯವಳದ್ದು ಒಂದೇ ಪಟ್ಟು, ನನ್ನ ಒಲೆಯ ಬಾಯಿ ಇಷ್ಟೇ, ಸೌದೆ ಎಲ್ಲಾ ಒಂದೇ ಅಳತೆ ಇರ್ಬೇಕು, ಬರೋ ತಿಂಗಳಿಂದ ಆಗಲ್ಲ ಅಂದ್ರೆ ಹೇಳಿಬಿಡಿ, ಬೇರೆ ಕಡೆ ನೋಡ್ಕೋತೀನಿ. ಬೇಕರಿ ಹೋದರೆ ಡಿಪೋ ಹೋದ ಹಾಗೆ. ಆದ್ದರಿಂದ ಕೊಯ್ಯುವುದು ಸೀಳುವುದು ಎರಡನ್ನೂ ಮಾಡುವ ಮೆಷಿನ್ನು ಬೇಕೇ ಬೇಕು, ಗಂಡ ಅದರ ಮುಂದೆ ನೆಟ್ಟಗೆ ನಿಂತು ಲಿವರ್ ಎಳೆದರೆ ಸಾಕು, ಬಗ್ಗುವುದು ಬೇಡ, ಎತ್ತುವುದು ಬೇಡ, ಅವನ ಬೆನ್ನೂ ಉಳಿಯುತ್ತದೆ ಡಿಪೋನೂ ಉಳಿಯುತ್ತದೆ, ಅದನ್ನು ನೆನೆದೇ ಅವಳು ಮೂರು ವಾರದಿಂದ ಕಂಡ ಕಂಡ ಸಾಮಿಲ್ಲುಗಳಿಗೆ ಹೋಗಿ ಮೆಷಿನ್ನುಗಳನ್ನು ನೋಡಿದ್ದಾಳೆ, ಕೊರಡು ಸೀಳುವ ಬೆಣೆಯ ದಪ್ಪ ಗೇಣು ಹಾಕಿ ಅಳೆದಿದ್ದಾಳೆ.

ಇಲ್ಲಿರುವುದು ಮೂರು. ಹಳದಿಯದು ಬಸ್ಸಿನಷ್ಟು ಉದ್ದ, ಅದರ ಬೆಲೆಗೆ ಡಿಪೋ ಜೊತೆ ಪಕ್ಕದ ಪಂಕ್ಚರ್ ಅಂಗಡಿಯೂ ಬರುತ್ತದೆ, ಅದನ್ನು ತೋರಿಸಿದ್ದೇ ಅವಳಿಗೆ ತನ್ನ ಅಳತೆ ತಿಳಿಯಲಿ ಅಂತ. ನೀಲಿಯದು ಹೊಸದು, ಅಗ್ಗ, ತಟ್ಟಿದರೆ ಖಾಲಿ ಡಬ್ಬದ ಸದ್ದು. ಹಸಿರಿನದು ಹಳೆಯದು, ಬಣ್ಣ ಹೋಗಿದೆ, ಆದರೆ ಕಬ್ಬಿಣ ಗಟ್ಟಿ, ಬೆಲೆಯೂ ಕೈಗೆಟಕುತ್ತದೆ. ಅಂಗಡಿಯ ಮೆಕ್ಯಾನಿಕ್ಕು ನೀಲಿ, ಹಸಿರು ಎರಡನ್ನೂ ನಡೆಸಿ ತೋರಿಸಿದ, ರೂಲುಕಡ್ಡಿಯ ಹಾಗೆ ನೆಟ್ಟಗಿರುವ ಮರಗಳು, ಬೆಣ್ಣೆ ಸರ್ ಬೆಣ್ಣೆ, ಅಂದ ಅಂಗಡಿಯವನು, ಇಂಥ ಮರ ಯಾವ ಡಿಪೋಗೆ ಬರುತ್ತದೋ, ಅವಳ ಡಿಪೋಗೆ ಬರುವುದೆಲ್ಲ ಸೊಟ್ಟ, ಗಂಟು, ಕವಲು. ಯಾರ ಕಿವಿಗೆ ಹೂವಿಡುತ್ತಾನೆ ಇವನು. ಅವಳು ಎದ್ದು ವ್ಯಾನಿನ ಹಿಂಬಾಗಿಲು ತೆಗೆದು ತಾನು ತಂದಿದ್ದ ಕೊರಡನ್ನು ಉರುಳಿಸಿದಳು, ನಡುವೆ ತೆಂಗಿನಕಾಯಿಯಷ್ಟು ಗಂಟಿರುವುದು, ಎರಡು ಸಲ ಕೊಡಲಿಯ ಹಿಡಿ ಮುರಿದದ್ದು, ಇದನ್ನ ಹಾಕಿ ನೋಡೋಣ, ಅಂದಳು. ಅಂಗಡಿಯವನು ಭಾವನ ಕಡೆ ನೋಡಿ ನಕ್ಕ. ಭಾವನೂ ನಕ್ಕರು, ಯಾಕೆ ನಕ್ಕರೋ ಅವರಿಗೇ ಗೊತ್ತಿಲ್ಲ. ನೀಲಿ ಮೆಷಿನ್ನು ಗಂಟಿನ ಮುಂದೆ ಗೊರಗೊರ ಅಂದು ಉಸಿರು ನಿಲ್ಲಿಸಿತು, ನಗು ನಿಂತಿತು. ಹಸಿರಿನದು ಒಂದು ಕ್ಷಣ ತಡೆದು, ನರಳಿ, ಫಟ್ ಎಂದು ಕೊರಡನ್ನು ಎರಡು ಮಾಡಿತು — ಆಗ ಅವಳಿಗೆ ಎಂಥಾ ಸಂತೋಷವಾಯಿತು, ಗಂಡನ ಬೆನ್ನಿನ ನೋವೇ ಅಲ್ಲಿ ಒಡೆದು ಎರಡಾದ ಹಾಗೆ, ಇದೇ, ಇದೇ ಇರಲಿ, ಎಂದು ಬಾಯಿ ತೆರೆಯುವಷ್ಟರಲ್ಲಿ ಮೆಕ್ಯಾನಿಕ್ಕನ ಗ್ಲೌಸು ಹಾಕಿದ ಎಡಗೈ ಕಂಡಿತು.

ಬಲಗೈ ಲಿವರಿನ ಮೇಲೆ, ಸರಿ, ಎಡಗೈ ಯಾಕೆ ಕೊರಡಿನ ಮೇಲೆ, ಬೆಣೆಗೆ ಒಂದು ಗೇಣು ದೂರದಲ್ಲಿ. ಮೆಷಿನ್ನಿನ ಪಕ್ಕೆಗೆ ಅಂಟಿಸಿದ ಚಿತ್ರದಲ್ಲಿ ಎರಡು ಲಿವರ್ ಎರಡು ಕೈ, ಎರಡೂ ಕೈ ಲಿವರಿನ ಮೇಲಿದ್ದರೆ ಮಾತ್ರ ಬೆಣೆ ಮುಂದೆ ಬರಬೇಕು, ಕೈ ಅಡ್ಡ ಸಿಕ್ಕದಿರಲಿ ಅಂತಲೇ ಮಾಡಿದ್ದು, ಇಲ್ಲಿ ನೋಡಿದರೆ ಎಡಗಡೆಯ ಲಿವರನ್ನು ಕೆಳಕ್ಕೆ ಎಳೆದು ತಂತಿ ಸುತ್ತಿ ಕಟ್ಟಿಹಾಕಿದ್ದಾರೆ. ನೀಲಿಯದರ ಕಡೆ ತಿರುಗಿದಳು, ಅದಕ್ಕೂ ತಂತಿ, ಇನ್ನೂ ಪ್ಲಾಸ್ಟಿಕ್ ಪೂರ್ತಿ ಬಿಚ್ಚದ ಹೊಸ ಮೆಷಿನ್ನಿಗೂ ತಂತಿ. ಇದೇನಿದು, ಅಂದಳು. ಈಗ ಅಂಗಡಿಯವನಿಗೆ ಅವಳು ಕಂಡಳು. ಅದಾ ಮೇಡಂ, ಎರಡು ಕೈಲಿ ಎಳೀತಾ ನಿಂತ್ರೆ ಕೆಲಸ ಅರ್ಧ ಆಗುತ್ತೆ, ಎಲ್ಲರೂ ಕಟ್ಟಿಸ್ಕೊಂಡೇ ಹೋಗ್ತಾರೆ, ನಮ್ಮಲ್ಲಿ ಫ್ರೀ. ಫ್ರೀಯಂತೆ, ಕೈ ಕತ್ತರಿಸುವುದಕ್ಕೂ ಫ್ರೀ ಸರ್ವೀಸು. ಮೆಕ್ಯಾನಿಕ್ಕು ಮೆಷಿನ್ನು ಆರಿಸಿ ಎಡಗೈಯಿಂದ ಹೊಟ್ಟು ಒರೆಸಿದ, ಗ್ಲೌಸಿನ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಕಬ್ಬಿಣಕ್ಕೆ ತಾಗಿ ಹಿಂದಕ್ಕೆ ಮಡಚಿಕೊಂಡವು, ಪೂರ್ತಿ ಹಿಂದಕ್ಕೆ, ಒಳಗೆ ಏನೂ ಇಲ್ಲ. ಹೋದದ್ದು ಇದರಲ್ಲೇನಾ, ಅಂತ ಕೇಳಿದಳು. ಅವನು ಧಣಿಯ ಮುಖ ನೋಡಿದ. ಧಣಿ ಭಾವನಿಗೆ ಹೇಳಿದ, ಇವನ ಗಮನ ಎಲ್ಲೋ ಇತ್ತು ಸರ್. ಮೆಕ್ಯಾನಿಕ್ಕು ತಲೆ ಎತ್ತದೆಯೇ ಅಂದ, ಗಮನ ಇಲ್ಲೇ ಇತ್ತಕ್ಕ, ಕೊರಡು ಜಾರ್ತು.

ತಂತಿ ಬಿಚ್ಚಿ, ಅಂದಳು ಅವಳು, ಎರಡು ಲಿವರಲ್ಲಿ ನಡೆದ ಮೇಲೇ ದುಡ್ಡು. ಅಂಗಡಿಯವನು ಏನೋ ಗೊಣಗಿದ, ಮೆಕ್ಯಾನಿಕ್ಕು ಗ್ಲೌಸು ಕಳಚಿ ಮೆಷಿನ್ನಿನ ಮೇಲಿಟ್ಟು ಕಟಿಂಗ್ ಪ್ಲೇಯರ್ ಹುಡುಕಲು ಒಳಗೆ ಹೋದ, ಸದ್ಯ, ಒಂದು ಮಾತಾದರೂ ನಡೆಯಿತು, ಅಷ್ಟರಲ್ಲಿ ಭಾವ ಫೋನು ತೆಗೆದು ತಮ್ಮನಿಗೆ ವರದಿ ಒಪ್ಪಿಸುತ್ತಿದ್ದಾರೆ, ನಿನ್ನ ಹೆಂಡತಿ ಇದ್ದಬದ್ದದ್ದನ್ನೆಲ್ಲ ಬಿಚ್ಚಿಸ್ತಿದಾಳೆ ಕಣೋ, ತಗೋ ನೀನೇ ಮಾತಾಡು. ಫೋನಿನಲ್ಲಿ ಗಂಡ ನಗುತ್ತಿದ್ದಾನೆ, ಎಷ್ಟೋ ದಿನದ ಮೇಲೆ ಇಷ್ಟು ಹಗುರವಾದ ನಗು. ಏನ್ರೀ, ಅಂದಳು, ಇದು ಕೈ ತಿನ್ನೋ ಮೆಷಿನ್ನು, ತಂತಿ ಇದ್ರೆ. ಅಯ್ಯೋ, ಬಿಚ್ಚಿದ್ರೆ ಬಿಚ್ಚಲಿ ಬಿಡೇ, ಅಂದ ಅವನು, ನಾನು ಇಲ್ಲಿ ಕಟ್ಕೋತೀನಿ, ನಮ್ಮಲ್ಲಿ ತಂತಿಗೇನು ಬರ. ಬರವಿಲ್ಲ, ಸೌದೆ ಕಟ್ಟು ಕಟ್ಟುವುದೇ ತಂತಿಯಲ್ಲಿ, ಬಾಗಿಲ ಹಿಂದೆ ಸುರುಳಿ, ಮೊಳೆಗೆ ಸುರುಳಿ, ಅವನ ಜೇಬಿನಲ್ಲಿ ಸುರುಳಿ — ಮಿಕ್ಸಿಗೆ ಮುಚ್ಚಳ ಹಾಕದೆ ಅಂಗೈ ಅಡ್ಡ ಹಿಡಿಯುವವನು, ಹೆಲ್ಮೆಟ್ಟನ್ನು ಮೊಣಕೈಗೆ ಹಾಕಿಕೊಂಡು ಬೈಕು ಓಡಿಸುವವನು, ಮೊದಲನೇ ದಿನ ಕಟ್ಟುತ್ತಾನೆ, ಅವಳು ಬಿಚ್ಚುತ್ತಾಳೆ, ಎರಡನೇ ದಿನ ಕಟ್ಟುತ್ತಾನೆ, ಬೇಕರಿಗೆ ಹೊತ್ತಾಯಿತು ಅನ್ನುತ್ತಾನೆ, ಅವಳು ಎಷ್ಟು ದಿನ ಕಾವಲು ಕಾಯಬೇಕು, ಮೆಷಿನ್ನು ಬೇಡವೆಂದರೆ ಆ ಬೆನ್ನು, ಬೇಕೆಂದರೆ — ಹಲೋ, ಕೇಳಿಸ್ತಿದೆಯಾ, ಯಾವುದು ತಗೊಂಡೆ, ಅನ್ನುತ್ತಿದ್ದಾನೆ, ಹೇಳಬೇಕು, ಹೇಳುತ್ತಾಳೆ, ಮೆಷಿನ್ನಿನ ಮೇಲೆ ಅಂಗೈ ಮೇಲಾಗಿ ಬಿದ್ದಿದೆ ಆ ಗ್ಲೌಸು, ಮೂರು ಬೆರಳು ಕೈಯ ಆಕಾರ ಹಿಡಿದು ಉಬ್ಬಿಕೊಂಡಿವೆ, ಎರಡು ಚಪ್ಪಟೆ, ಫ್ಯಾನಿನ ಗಾಳಿಗೆ ಆ ಎರಡು ಏಳುತ್ತವೆ, ಮಲಗುತ್ತವೆ — ಹಲೋ, ಅನ್ನುತ್ತಾನೆ — ಏಳುತ್ತವೆ, ಮಲಗುತ್ತವೆ, ಆ ಎರಡು ಬೆರಳು, ಆ ಎರಡು