ಅಯ್ಯನವರು ಬಾಯಿ ಬಿಡಲಿಲ್ಲ

ತುರೋರಿಯ ಗುರಮ್ಮನ ಕೈಯಡುಗೆಯ ಹೆಸರು ಕೆಟ್ಟಿದ್ದು ಆಕೆಯ ಗಂಡನಿಂದಲೇ. ಗಂಡ ಮಹಾದೇವಯ್ಯ ಊರಿನ ಅರ್ಧ ಮನೆಗಳಿಗೆ ಅಯ್ಯನವರು. ಮದುವೆಯಿರಲಿ, ಗೃಹಪ್ರವೇಶವಿರಲಿ, ಅವರ ಪಾದ ಬೀಳಲೇಬೇಕು. ಅಂಥವರು ಎರಡು ವರ್ಷದಿಂದ ಉಂಡ ಕೂಡಲೇ ಹೊಟ್ಟೆ ಹಿಡಿದುಕೊಂಡು ಮಗ್ಗಲಾಗುತ್ತಿದ್ದರು. "ನಿನ್ನ ಖಾರ ನನ್ನ ಕೊಲ್ತದ," ಎಂದು ಬೈಯುತ್ತಿದ್ದರು. ಗುರಮ್ಮ ಮೆಣಸಿನಕಾಯಿ ಬಿಟ್ಟಳು, ಶೇಂಗಾ ಹಿಂಡಿ ಬಿಟ್ಟಳು, ಕೊನೆಗೆ ಒಗ್ಗರಣೆಯನ್ನೂ ಬಿಟ್ಟಳು. ಆದರೂ ಮಗ್ಗುಲ ಮನೆಯ ಮೀರಾಬಾಯಿ, "ಅಮ್ಮನೋರ, ಇನ್ನಷ್ಟು ಖಾರ ಕಡಿಮಿ ಮಾಡ್ರಿ," ಎಂದು ಬುದ್ಧಿ ಹೇಳುತ್ತಲೇ ಇದ್ದಳು.

ಮೊನ್ನೆ ಆ ಮೀರಾಬಾಯಿಯ ಮನೆಯಲ್ಲೇ, ಹೊಸ ಬೋರಿನ ಪೂಜೆ ಮುಗಿಸಿ ಉಂಡೆದ್ದ ಅಯ್ಯನವರು ಬಿದ್ದು ಹೊರಳಾಡಿದರು. ಆಕೆಯ ಗಂಡ ರೇವಣಪ್ಪ ಜೀಪಿನಲ್ಲಿ ಹಾಕಿಕೊಂಡು ಉಮರ್ಗಾದ ಆಸ್ಪತ್ರೆಗೆ ಓಡಿಸಿದ. ಅಲ್ಲಿ ಡಾಕ್ಟರ್ ವೈಭವ ಸ್ಕ್ಯಾನ್ ಮಾಡಿಸಿ, ಒಳಗಿನ ಹರ್ನಿಯಾ ಎಂದರು. ಹೊಟ್ಟೆಯೊಳಗೇ ಒಂದು ಸಂದಿ, ಸಣ್ಣ ಕರುಳು ಅದರಲ್ಲಿ ನುಸುಳಿ ಸಿಕ್ಕಿಕೊಂಡಿದೆ. ಹೊರಗೆ ಗಂಟು ಕಾಣದ್ದರಿಂದ ಇಷ್ಟು ದಿನ ಯಾರಿಗೂ ತಿಳಿದಿಲ್ಲ. ದುರ್ಬೀಣಿನ ಆಪರೇಷನ್ ಆಯಿತು. ಸಣ್ಣ ಸಣ್ಣ ತೂತು ಮಾಡಿ, ಕ್ಯಾಮೆರಾ ಬಿಟ್ಟು, ಕರುಳು ಬಿಡಿಸಿ ಸಂದಿಗೆ ಹೊಲಿಗೆ ಹಾಕಿದರು.

"ಖಾರದ್ದೇನೂ ತಪ್ಪಿಲ್ರೀ, ಕಾಕು," ಎಂದು ಡಾಕ್ಟರ್ ಗುರಮ್ಮನಿಗೆ ಹೇಳಿದರು. ಆಕೆಗೆ ಇದನ್ನು ಊರಲ್ಲಿ ಡಂಗುರ ಸಾರಿಸಬೇಕೆನಿಸಿತು. ಆದರೆ ಕೇಳಬೇಕಾದವರು ಇನ್ನೂ ಮಂಪರಿನಲ್ಲಿದ್ದರು.

ಪೇಚಾಟ ಶುರುವಾದದ್ದು ಆಮೇಲೆ. "ಗ್ಯಾಸ್ ಹೋತೇನ್ರಿ, ಮಹಾರಾಜ?" ಡಾಕ್ಟರ್ ಬಂದಾಗಲೆಲ್ಲ ಇದೇ ಪ್ರಶ್ನೆ. ಗಾಳಿ ಸರಿದರೆ ಕರುಳು ಎಚ್ಚರಾಯಿತೆಂದು ಅರ್ಥ, ಆಮೇಲೆ ನೀರು, ಗಂಜಿ. ಮಂಚದ ಸುತ್ತ ರೇವಣಪ್ಪ, ಮೀರಾಬಾಯಿ, ಅವರ ಸೊಸೆ ಯೋಗಿತಾ ಕೈಮುಗಿದುಕೊಂಡು ಉತ್ತರಕ್ಕೆ ಕಾಯುತ್ತಿದ್ದರು. ಅಯ್ಯನವರು ಸೂರು ನೋಡುತ್ತ, "ಇಲ್ಲ," ಎಂದರು. ಮರುದಿನವೂ ಅದೇ. ಡಾಕ್ಟರ್ ಹುಬ್ಬು ಗಂಟಿಕ್ಕಿದರು.

"ಸಂಜಿ ತನಕ ನೋಡ್ತೀನ್ರಿ. ಇಲ್ಲಂದ್ರ ಮತ್ತ ಸ್ಕ್ಯಾನ್. ಪರತ್ ಇನ್ನೊಮ್ಮೆ ದುರ್ಬೀಣ ಹಾಕೋದೂ ಬರಬಹುದು."

ಗಂಡನನ್ನು ಇನ್ನೊಮ್ಮೆ ಆ ಆಪರೇಷನ್ ಕೋಣೆಯ ಬಾಗಿಲೊಳಗೆ ಕಳಿಸಿ ಹೊರಗೆ ಕೂಡುವ ಧೈರ್ಯ ಗುರಮ್ಮನಿಗೆ ಉಳಿದಿರಲಿಲ್ಲ. ಆದರೆ ಇಷ್ಟು ವರ್ಷ ಬಾಳ್ವೆ ಮಾಡಿದ ಹೆಂಗಸು. ಈ ಮನುಷ್ಯ ಸೂರು ನೋಡಿ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾನೆಂದು ಆಕೆಗೆ ಗೊತ್ತು.

"ಎಲ್ಲಾರೂ ಹೊರಗ ನಡೀರಿ, ಚಾ ಕುಡ್ದು ಬರ್ರಿ," ಎಂದು ಭಕ್ತರನ್ನು ಸಾಗಹಾಕಿ ಬಾಗಿಲು ಮುಚ್ಚಿದಳು. "ಈಗ ಖರೆ ಹೇಳ್ರಿ."

"ನಿನ್ನೇನೇ ಹೋಗ್ಯದ," ಅಯ್ಯನವರು ಪಿಸುಗುಟ್ಟಿದರು. "ಪಾದ ಮುಟ್ಟೋ ಮಂದಿ ಮುಂದ ಹ್ಯಾಂಗ ಹೇಳ್ಲಿ? ಆ ಸೊಸಿ ಬ್ಯಾರೆ ನಿಂತಾಳ."

"ನಿಮ್ಮ ಮರ್ಯಾದಿಗಿಷ್ಟು ಬೆಂಕಿ ಹತ್ಲಿ! ನನ್ನ ಜೀಂವಾನೇ ಹೋಗಿತ್ತಲ್ರೀ!" ಸಿಟ್ಟು, ನಗು, ಅಳು ಗುರಮ್ಮನಿಗೆ ಒಟ್ಟಿಗೇ ಬಂದವು. ಬಾಗಿಲು ತೆರೆದು, "ಡಾಕ್ಟರ್ ಸಾಹೇಬ್ರ, ಹೋಗ್ಯದಂತ್ರೀ! ನಿನ್ನೇನೇ ಹೋಗ್ಯದಂತ!" ಎಂದು ಕೂಗಿದಳು.

ಹೊರಗೆ ರೇವಣಪ್ಪ ಚಹದ ಕಪ್ಪು ಕೆಳಗಿಟ್ಟು, "ಶಿವಾ ಶಿವಾ," ಎಂದು ಕೈಮುಗಿದ. ಯೋಗಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಯ್ಯನವರು ತಲೆತುಂಬ ಹೊದ್ದುಕೊಂಡರು.

ಸಂಜೆ ಕುಡಿದ ನೀರು ದಕ್ಕಿತು. ಮರುದಿನ ಗಂಜಿ. ಗುರಮ್ಮ ಚಮಚದಿಂದ ಕುಡಿಸುತ್ತ, ಗಂಡನ ಮುಖ ಈಗ ಕಿವುಚುತ್ತದೆ, ಆಗ ಕಿವುಚುತ್ತದೆ ಎಂದು ಹೆದರುತ್ತಲೇ ಇದ್ದಳು. ಕಿವುಚಲಿಲ್ಲ. ಬಟ್ಟಲು ಖಾಲಿಯಾಯಿತು, ಆಕೆಯ ಹೊಟ್ಟೆಯೂ ತಣ್ಣಗಾಯಿತು.

"ಭಾಳ ಸಪ್ಪಗದ," ಎಂದರು ಅಯ್ಯನವರು, ಭಕ್ತರೆಲ್ಲರ ಮುಂದೆ, ಈ ಸಲ ಸೂರು ನೋಡದೆ. "ಮನಿಗಿ ಹೋದ ಮ್ಯಾಲ ನಿನ್ನ ಖಾರ ಹಾಕಿ ಮಾಡು. ಖಾರದ್ದೇನೂ ತಪ್ಪಿದ್ದಿಲ್ಲ."

ಗುರಮ್ಮ ಕಣ್ಣೊರೆಸಿಕೊಂಡು ಮೀರಾಬಾಯಿಯ ಕಡೆ ತಿರುಗಿದಳು.

"ಕೇಳಿದ್ರಿಲ್ಲೊ?"